ಬಂದವರು ಬರೆದರು, ಹೋದವರೂ ಬರೆಯಲಿ

ಕಲಬುರಗಿ ಜಿಲ್ಲೆಯ ಆಳಂದದ ಜಾತ್ರೆಯ ಬಗ್ಗೆ ಉಳಿದಿರುವ ಹಳೆಯ ವಿವರಗಳಲ್ಲಿ ಒಂದನ್ನು ಬರೆದಿಟ್ಟವನು ಆಳಂದದವನಲ್ಲ, ಬೀದರಿನವನಲ್ಲ, ಹಿಂದೂಸ್ತಾನದವನೇ ಅಲ್ಲ. ವೋಲ್ಗಾ ನದಿ ದಂಡೆಯ ತ್ವೇರ್ ಎಂಬ ಊರಿನ ವ್ಯಾಪಾರಿ, ಹೆಸರು ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ, ಬಹಮನಿ ಸುಲ್ತಾನರ ಆಳ್ವಿಕೆಯಲ್ಲಿ, ಆತ ಈ ಸೀಮೆಯಲ್ಲಿ ಓಡಾಡಿದ. ಶೇಖ್ ಅಲಾವುದ್ದೀನರ ನೆನಪಿನಲ್ಲಿ ವರ್ಷಕ್ಕೊಮ್ಮೆ ಕೂಡುವ ಸಂತೆ ಹತ್ತು ದಿನ ನಡೆಯುತ್ತದೆ, 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ, ಹಿಂದೂಸ್ತಾನದಲ್ಲಿ ಇದನ್ನು ಮೀರಿಸುವ ಸಂತೆ ಇಲ್ಲ ಎಂದು ಗುರುತು ಹಾಕಿಕೊಂಡ. ಅದೇ ಊರಿನ ಗೂಗೆಯ ಬಗ್ಗೆಯೂ ಬರೆದ. ಅದು ರಾತ್ರಿ ಹಾರಾಡುತ್ತದೆ, ಯಾರ ಮನೆ ಮಾಳಿಗೆಯ ಮೇಲೆ ಕೂತು ಕೂಗುತ್ತದೋ ಆ ಮನೆಯಲ್ಲಿ ಸಾವಾಗುತ್ತದೆ, ಹೊಡೆಯಲು ಹೋದರೆ ಅದರ ಬಾಯಿಂದ ಬೆಂಕಿ ಬರುತ್ತದೆ ಎಂದು ಕೇಳಿದ್ದನ್ನು ಕೇಳಿದ ಹಾಗೆಯೇ ದಾಖಲಿಸಿದ.

ನಿಕಿತಿನ್ ಪಂಡಿತನಲ್ಲ. ರಾಜದೂತನಲ್ಲ. ಸರಕು ತುಂಬಿಕೊಂಡು ವೋಲ್ಗಾ ನದಿಯಲ್ಲಿ ಹೊರಟವನನ್ನು ಅಸ್ತ್ರಖಾನದ ಬಳಿ ತಾತಾರರು ಸುಲಿಗೆ ಮಾಡಿದರು. ಸರಕಿನ ಜತೆ ಅವನ ಧರ್ಮಗ್ರಂಥಗಳೂ ಹೋದವು. ಬರಿಗೈಲಿ ಊರಿಗೆ ಮರಳಿದರೆ ಸಾಲಗಾರರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹಾಗಾಗಿ ಮುಂದೆ ಮುಂದೆ ಹೋದ. ಪರ್ಷಿಯಾ ದಾಟಿದ, ಹೊರ್ಮುಜ್‌ನಲ್ಲಿ ಕುದುರೆಯೊಂದಿಗೆ ಹಡಗು ಹತ್ತಿದ, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನಲ್ಲಿ ಅಲ್ಲಿಯ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕುದುರೆಯೂ ಸಿಗುತ್ತದೆ, ಸಾವಿರ ಹೊನ್ನೂ ಸಿಗುತ್ತದೆ ಎಂದ. ಖುರಾಸಾನದ ಒಬ್ಬ ಮುಸ್ಲಿಂ ಸದ್ಗೃಹಸ್ಥ ನಡುವೆ ಬಂದು ಅವನನ್ನು ಉಳಿಸಿದ. ಕೊನೆಗೆ ಕುದುರೆ ಬೀದರಿನಲ್ಲಿ ಮಾರಾಟವಾಯಿತು. ವರ್ಷವಿಡೀ ಮೇವಿಗೆ ಎಷ್ಟು ಖರ್ಚಾಯಿತೆಂಬ ಲೆಕ್ಕವನ್ನೂ ಆತ ಬಿಟ್ಟಿಲ್ಲ.

ದೊಡ್ಡ ವಿದ್ವಾಂಸನಾಗಿದ್ದರೆ ಅವನು ಇದನ್ನೆಲ್ಲ ಬರೆಯುತ್ತಿರಲಿಲ್ಲವೇನೋ. ಬಹಮನಿ ಕಾಲದ ಇತಿಹಾಸಕ್ಕೆ ಎಲ್ಲರೂ ನೆಚ್ಚುವ ಫರಿಶ್ತಾ ಶತಮಾನಕ್ಕೂ ಹೆಚ್ಚು ಕಾಲದ ನಂತರ ಬರೆದವನು. ಅವನ ಪುಟಗಳಲ್ಲಿ ಸುಲ್ತಾನರು, ಯುದ್ಧಗಳು, ಪಟ್ಟದ ಜಗಳಗಳು. ನಿಕಿತಿನ್ ಬರೆದದ್ದು ಬೀದಿಯಲ್ಲಿ ಕಂಡದ್ದನ್ನು. ಕುದುರೆಗೆ ಕಡಲೆಯ ಜತೆಗೆ ಸಕ್ಕರೆ, ಎಣ್ಣೆ ಹಾಕಿ ಬೇಯಿಸಿದ ಕಿಚಡಿ ತಿನ್ನಿಸುತ್ತಾರೆ. ಹೆಂಗಸರು ತಲೆ ಮುಚ್ಚದೆ ಒಂದೇ ಜಡೆ ಹೆಣೆದುಕೊಳ್ಳುತ್ತಾರೆ. ಬಿಳಿ ಚರ್ಮದ ತಾನು ಹೋದಲ್ಲೆಲ್ಲ ಜನ ಹಿಂಬಾಲಿಸಿ ನೋಡುತ್ತಾರೆ. ಸರದಾರರು ವೈಭವದಲ್ಲಿ ಮುಳುಗಿದ್ದಾರೆ, ಹಳ್ಳಿಯ ಜನ ಬಡತನದಲ್ಲಿ ನವೆಯುತ್ತಾರೆ. ಕೊನೆಯ ಮಾತನ್ನು ಆಸ್ಥಾನದ ಇತಿಹಾಸಕಾರರಿಂದ ನಿರೀಕ್ಷಿಸುವುದು ಕಷ್ಟ. ತಾನು ಕ್ರಿಶ್ಚಿಯನ್ ಎಂದು ಹೇಳಿಕೊಂಡ ಮೇಲೆ ಇಲ್ಲಿಯ ಹಿಂದೂಗಳು ಅವನಿಂದ ಏನನ್ನೂ ಮುಚ್ಚಿಡಲಿಲ್ಲ. ಶಿವರಾತ್ರಿಗೆ ಅವರ ಜತೆ ಶ್ರೀಶೈಲಕ್ಕೂ ಹೋಗಿಬಂದ. ವಾಪಸು ಹೋಗುವಾಗ ಕಲಬುರಗಿ, ಆಳಂದ ಹಾದು ದಾಭೋಳ ಬಂದರಿಗೆ ಇಳಿದು ಹಡಗು ಹತ್ತಿದ. ಊರು ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಅವನ ಟಿಪ್ಪಣಿಗಳು ಮಾತ್ರ 1475ರಲ್ಲಿ ಮಾಸ್ಕೋ ಮುಟ್ಟಿ ಅಲ್ಲಿಯ ವೃತ್ತಾಂತ ಗ್ರಂಥಗಳಲ್ಲಿ ಸೇರಿಕೊಂಡವು. 1957ರಲ್ಲಿ ಅದೇ ಕಥೆಯ ಮೇಲೆ ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ‘ಪರದೇಸಿ’ ಎಂಬ ಸಿನಿಮಾ ಮಾಡಿದವು.

ಈ ನೆಲದ ಬಗ್ಗೆ ಹೊರಗಿನವರು ಬರೆದದ್ದು ಅದೇ ಮೊದಲೂ ಅಲ್ಲ, ಕೊನೆಯೂ ಅಲ್ಲ. ರಾಷ್ಟ್ರಕೂಟರ ಮಾನ್ಯಖೇಟ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಅಲ್ಲಿಯ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ್ದು ಕ್ರಿ.ಶ. 851ರ ಅರಬ್ ವೃತ್ತಾಂತ. ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಅದು ಇಂದಿಗೂ ಓದಿಗೆ ಸಿಗುತ್ತದೆ. ಲಿವರ್‌ಪೂಲಿನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರದಲ್ಲಿದ್ದು, ಆ ಸಂಸ್ಥಾನದ ಜನಜೀವನವನ್ನು ತನ್ನ ಆತ್ಮಕಥೆಯಲ್ಲಿ ಬಿಡಿಬಿಡಿಯಾಗಿ ಬರೆದ. ಬರಲಾಗದವನೂ ಬರೆದ ಕಥೆಯುಂಟು. ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಶಿರಾಜಿನ ಮಹಾಕವಿ ಹಾಫಿಜ್‌ನನ್ನು ಕಲಬುರಗಿಗೆ ಕರೆಸಿಕೊಳ್ಳಲು ದಾರಿಖರ್ಚು ಕಳಿಸಿದ್ದ. ಹಾಫಿಜ್ ಹೊರ್ಮುಜ್‌ನಲ್ಲಿ ಹಡಗು ಹತ್ತಿಯೂ ಹತ್ತಿದ. ಬಿರುಗಾಳಿ ಎದ್ದಿತು. ಇಳಿದು ಮನೆಗೆ ಹೋಗಿ, ಬರಲಾಗದ ಕಾರಣವನ್ನು ಗಜಲ್ ಆಗಿ ಬರೆದು ಕಳಿಸಿದ ಎನ್ನುತ್ತಾನೆ ಫರಿಶ್ತಾ.

ಹೀಗೆ ಬಂದವರೂ ಬರೆದಿದ್ದಾರೆ, ಬರುತ್ತೇನೆಂದು ಬರದೆ ಉಳಿದವನೂ ಬರೆದಿದ್ದಾನೆ. ಇಲ್ಲಿಂದ ಹೊರಗೆ ಹೋದವರು ಎಷ್ಟು ಬರೆದಿದ್ದಾರೆ?

ಇಂದು ಕಲಬುರಗಿ ನಗರದಲ್ಲಿ, ಕಮಲಾಪುರದಲ್ಲಿ, ಶಹಾಬಾದ ರಸ್ತೆಯ ನಂದೂರದಂಥ ಊರುಗಳಲ್ಲಿ ಪಾಸ್‌ಪೋರ್ಟ್ ಅಪರೂಪದ ವಸ್ತುವಲ್ಲ. ಓಣಿಗೊಬ್ಬ ರಿಯಾದಿನಲ್ಲೋ ದೋಹಾದಲ್ಲೋ ಡ್ರೈವರ್ ಇದ್ದಾನೆ, ಎಸಿ ಮೆಕ್ಯಾನಿಕ್ ಇದ್ದಾನೆ. ಮಗಳು ಜಾರ್ಜಿಯಾದಲ್ಲೋ ಕಿರ್ಗಿಸ್ತಾನದಲ್ಲೋ ಎಂಬಿಬಿಎಸ್ ಓದುತ್ತಿದ್ದಾಳೆ. ಮಗ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಸೊಸೆಯ ಬಾಣಂತನಕ್ಕೆಂದು ಅವ್ವ-ಅಪ್ಪ ಆರು ತಿಂಗಳು ಹೋಗಿ ಬರುತ್ತಾರೆ. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆದರೆ ಹೊರದೇಶದ ಪಯಣ ಮಾತ್ರ ಹೆಚ್ಚಿನವರಿಗೆ ಇವತ್ತಿಗೂ ಹೈದರಾಬಾದಿನ ರಾತ್ರಿ ಬಸ್ಸಿನಿಂದಲೇ ಶುರುವಾಗುತ್ತದೆ.

ಹೊರಡುವ ಹಿಂದಿನ ಸಂಜೆ ಅಂಥ ಮನೆಯೊಂದರ ಪಡಸಾಲೆಯನ್ನು ನೋಡಬೇಕು. ಎರಡು ದೊಡ್ಡ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಬಿದ್ದಿರುತ್ತವೆ. ತೂಕದ ಕೊಕ್ಕೆ ಕೈಲಿ ಹಿಡಿದು ಮೊಮ್ಮಗ ನಿಂತಿರುತ್ತಾನೆ, ಒಂದಕ್ಕೆ 23 ಕಿಲೋ, ಒಂದು ಗ್ರಾಂ ಮೇಲಾಗುವಂತಿಲ್ಲ. ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿಯನ್ನು ಹಳೆಯ ಧೋತರದಲ್ಲಿ ಸುತ್ತಿ, ಮುರಿಯದಂತೆ ಸೀರೆಗಳ ನಡುವೆ ಇಡುತ್ತಾರೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮನೆಯ ಖಾರಪುಡಿ, ಹೊಲದ ತೊಗರಿಯ ಬೇಳೆ. ಕಮಲಾಪುರದ ಕೆಂಪು ಬಾಳೆಹಣ್ಣು ಮಗನಿಗೆ ಪ್ರೀತಿ ಎಂದು ಅವ್ವ ಎರಡು ಹಣ್ಣು ಕೈಚೀಲದಲ್ಲಿ ತುರುಕಲು ನೋಡುತ್ತಾಳೆ. ತಾಜಾ ಹಣ್ಣು ಅಮೆರಿಕದೊಳಗೆ ಬಿಡುವುದಿಲ್ಲ ಎಂದು ತಿಳಿದವರು ತೆಗೆಸುತ್ತಾರೆ. ಭೌಗೋಳಿಕ ಗುರುತು ಪಡೆದ ಹಣ್ಣಾದರೂ ಅಲ್ಲಿಯ ಕಸ್ಟಮ್ಸ್‌ಗೆ ಅದು ಹಣ್ಣೇ. ಎದೆಯ ಹತ್ತಿರದ ಚೀಲದಲ್ಲಿ ಪಾಸ್‌ಪೋರ್ಟು, ಬಿಪಿ ಗುಳಿಗೆ, ಮಗ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ. ಅಧಿಕಾರಿ ಏನಾದರೂ ಕೇಳಿದರೆ ಅದನ್ನು ತೋರಿಸುವುದು.

ಎಪ್ಪತ್ತರ ಹೊಸ್ತಿಲಲ್ಲಿ, ಇಂಗ್ಲಿಷ್ ಬಾರದೆ, ಎರಡು ವಿಮಾನ ಬದಲಿಸಿ, ಭೂಮಿಯ ಇನ್ನೊಂದು ಬದಿಗೆ ಹೋಗಿ ಇಳಿಯುವುದಕ್ಕಿಂತ ದೊಡ್ಡ ಸಾಹಸ ಇನ್ನೇನಿದೆ! ಮೊದಲ ಹಿಮ ಕಾಣುತ್ತಾರೆ. ಜನವೇ ಇಲ್ಲದ ರಸ್ತೆಯಲ್ಲಿ ಒಬ್ಬರೇ ನಡೆಯುತ್ತಾರೆ. ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿಯ ಜತೆ ಕೈಸನ್ನೆಯಲ್ಲಿ ಮಾತಾಡುತ್ತ, ಅವರ ಮೆಕ್ಕೆಜೋಳದ ಟೋರ್ಟಿಯಾವನ್ನೂ ನಮ್ಮ ಜೋಳದ ರೊಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಟೆಕ್ಸಾಸ್‌ನ ಬಿಸಿಲಿನಲ್ಲಿ ಹಿತ್ತಲಲ್ಲಿ ಪುಂಡಿಪಲ್ಯ ಬೆಳೆದು ಬಂದವರಿದ್ದಾರೆ. ಊರಿಗೆ ಮರಳಿದ ಮೇಲೆ ಓಣಿಯ ಹುಡುಗ ಕೇಳುತ್ತಾನೆ: ‘ಕಾಕಾ, ಅಮೆರಿಕಾ ಹ್ಯಾಂಗದ?’ ‘ಛಲೋ ಅದ ತಮ್ಮಾ. ಥಂಡಿ ಭಾಳ.’ ಆರು ತಿಂಗಳ ಅನುಭವ ಆ ಎರಡು ಮಾತಿಗೆ ಮುಗಿಯುತ್ತದೆ.

ಕನ್ನಡದಲ್ಲಿ ಪ್ರವಾಸ ಕಥನಕ್ಕೇನೂ ಬರವಿಲ್ಲ. ಆಕ್ಸ್‌ಫರ್ಡಿಗೆ ಓದಲು ಹೋದ ವಿ.ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’, ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇವೆಲ್ಲ ಕನ್ನಡಿಗರ ಮನೆಯ ಕಪಾಟಿನಲ್ಲಿ ಇರುವ ಪುಸ್ತಕಗಳು. ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರು ಬರೆದ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಎ.ಎನ್. ಮೂರ್ತಿರಾಯರು ತಮ್ಮ ಪುಸ್ತಕಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದೇ ಹೆಸರಿಟ್ಟರು. ಮಕ್ಕಳ ಮನೆಗೆ ಹೋಗಿಬರುವ ನಮ್ಮ ಹಿರಿಯರಿಗೆ ಇವೆರಡಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಆದರೆ ಈ ಸಾಲಿನಲ್ಲಿ ಹೆಚ್ಚಿನವರು ಪ್ರಾಧ್ಯಾಪಕರು, ವಿಜ್ಞಾನಿಗಳು, ಹೆಸರಾದ ಸಾಹಿತಿಗಳು. ಬಹುಪಾಲು ಹಳೆ ಮೈಸೂರಿನವರು, ಕರಾವಳಿಯವರು, ಧಾರವಾಡದ ಕಡೆಯವರು. ಕಲ್ಯಾಣ ಕರ್ನಾಟಕದವರ ಕಥನ ಇಲ್ಲವೇ ಇಲ್ಲ ಎನ್ನಲಾಗದು. ಹುಡುಕಬೇಕು ಎನ್ನುವುದಂತೂ ನಿಜ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ದುಡಿಯಲು ಹೋದವರ, ಹರಕೆ ಹೊತ್ತು ಹೋದವರ, ಸಾಲ ಮಾಡಿ ಓದಲು ಹೋದವರ ಪ್ರವಾಸ ಕಥನ ನಮ್ಮಲ್ಲಿ ಬಹಳ ಕಡಿಮೆ. ಹೊರದೇಶಕ್ಕೆ ಹೋಗುವ ಕಲಬುರಗಿಯವರಲ್ಲಿ ಹೆಚ್ಚಿನವರು ಇವರೇ.

ಹಜ್ ಯಾತ್ರೆಯನ್ನೇ ತೆಗೆದುಕೊಳ್ಳಿ. ಇಲ್ಲಿಂದ ಹೊರದೇಶಕ್ಕೆ ಸಾಮಾನ್ಯರು ಕೈಗೊಂಡ ಅತ್ಯಂತ ಹಳೆಯ ದೂರ ಪ್ರಯಾಣಗಳಲ್ಲಿ ಅದು ಒಂದು. ರೈಲಿನಲ್ಲಿ ಮುಂಬಯಿ, ಅಲ್ಲಿಂದ ಹಡಗಿನಲ್ಲಿ ಜೆದ್ದಾ. ಹಡಗಿನ ಯಾತ್ರೆ ನಿಂತದ್ದು 1995ರಲ್ಲಿ. ನಿಜಾಮರ ಆಳ್ವಿಕೆಯ ನೆನಪೊಂದು ಮಕ್ಕಾದಲ್ಲಿ ಇವತ್ತಿಗೂ ಕಲಬುರಗಿಯವರ ಕೆಲಸಕ್ಕೆ ಬರುತ್ತದೆ. ಹೈದರಾಬಾದ್ ಸಂಸ್ಥಾನದ ಯಾತ್ರಿಕರಿಗೆಂದು ನಿಜಾಮರು ಅಲ್ಲಿ ಕಟ್ಟಿಸಿದ್ದ ರುಬಾತ್ ಎಂಬ ವಸತಿಯ ಹಕ್ಕು, ಸಂಸ್ಥಾನ ಮುಳುಗಿ ಮುಕ್ಕಾಲು ಶತಮಾನವಾದರೂ, ಅದೇ ಹಳೆಯ ಸಂಸ್ಥಾನದ ಜಿಲ್ಲೆಗಳ ಜನಕ್ಕೆ ಉಳಿದಿದೆ. ತೆಲಂಗಾಣ, ಮರಾಠವಾಡ, ಕಲ್ಯಾಣ ಕರ್ನಾಟಕದ ಹಾಜಿಗಳು ಚೀಟಿ ಎತ್ತಿ ಆಯ್ಕೆಯಾಗಿ ಅಲ್ಲಿ ಬಾಡಿಗೆಯಿಲ್ಲದೆ ಇಳಿದುಕೊಳ್ಳುತ್ತಾರೆ. ನಾಂದೇಡದವ, ಕರೀಮನಗರದವ, ಕಲಬುರಗಿಯವ ಒಂದೇ ಸೂರಿನಡಿ ಇದ್ದು, ದಖ್ಖನಿಯಲ್ಲಿ ಹರಟುತ್ತ, ಯಾತ್ರೆ ಮುಗಿಸಿಕೊಂಡು ಬರುತ್ತಾರೆ. ಮುಗಿದುಹೋದ ಒಂದು ಸಂಸ್ಥಾನ ಮಕ್ಕಾದ ಒಂದು ಕಟ್ಟಡದಲ್ಲಿ ವರ್ಷಕ್ಕೊಮ್ಮೆ ಮತ್ತೆ ಸೇರುತ್ತದೆ. ಇದನ್ನು ಒಳಗಿಂದ ಕಂಡ ಒಬ್ಬ ಹಾಜಿ ಕನ್ನಡದಲ್ಲಿ ಬರೆದರೆ ಎಂಥ ಪುಸ್ತಕವಾದೀತು. ಭೋಪಾಲದ ಸಿಕಂದರ್ ಬೇಗಂ 1863-64ರ ತಮ್ಮ ಹಜ್ ಯಾತ್ರೆಯ ಬಗ್ಗೆ ಬರೆದದ್ದನ್ನು ಇವತ್ತಿಗೂ ವಿದ್ವಾಂಸರು ಓದುತ್ತಾರೆ. ಅವರು ರಾಣಿ. ನಮಗೆ ಬೇಕಿರುವುದು ಬ್ರಹ್ಮಪುರ ಓಣಿಯ ಟೇಲರ್ ಚಾಚಾನ ಕಥೆ.

ಗಲ್ಫಿಗೆ ದುಡಿಯಲು ಹೋಗುವವರ ಕಥೆಯೂ ಅಷ್ಟೇ ಮುಚ್ಚಿಹೋಗಿದೆ. ಹತ್ತನೆಯ ತರಗತಿ ಪಾಸಾಗದವನ ಪಾಸ್‌ಪೋರ್ಟಿನ ಮೇಲೆ ಇಸಿಆರ್ ಎಂಬ ಗುರುತು ಬೀಳುತ್ತದೆ. ಸೌದಿ, ಕುವೈತ್, ಕತಾರ್, ಒಮಾನ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ಅವನು ಸರ್ಕಾರದ ಅನುಮತಿ ಪಡೆಯಬೇಕು. ಈ ನಿಯಮ ಇರುವುದು ಅವನ ರಕ್ಷಣೆಗೆ. ಏಜೆಂಟನ ಮಾತು ನಂಬಿ ವಿಸಿಟ್ ವೀಸಾದ ಮೇಲೆ ಹೋದವನಿಗೆ ಆ ರಕ್ಷಣೆ ತಪ್ಪಿಹೋಗುತ್ತದೆ. ಇದು ಅವನಿಗೆ ತಿಳಿಯುವುದು ಅಲ್ಲಿಗೆ ಹೋದ ಮೇಲೆ. ಮೊದಲೇ ಹೋಗಿ ಬಂದವನು ತನ್ನ ಅನುಭವವನ್ನು ಸುಣ್ಣಬಣ್ಣ ಹಚ್ಚದೆ ಬರೆದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಇದು ಬಾಯಿಮಾತಲ್ಲ. 2024ರ ಫೆಬ್ರವರಿಯಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು ರಷ್ಯಾದಲ್ಲಿ ಸಿಕ್ಕಿಹಾಕಿಕೊಂಡಿರುವ ಸುದ್ದಿ ಬಂತು. ಸೆಕ್ಯುರಿಟಿ ಕೆಲಸ ಎಂದು ಕರೆದೊಯ್ದು, ಉಕ್ರೇನ್ ಯುದ್ಧದ ಮುಂಚೂಣಿಗೆ ಕಳಿಸಲಾಗಿತ್ತು. ಅವರು ಮನೆಗೆ ಮರಳಿದ್ದು ಸೆಪ್ಟೆಂಬರಿನಲ್ಲಿ. ನಿಕಿತಿನ್ ರಷ್ಯಾದಿಂದ ಕಲಬುರಗಿಗೆ ಬಂದಾಗ ಅವನ ಸರಕು ಹೋಗಿತ್ತು, ದಾರಿ ತಪ್ಪಿತ್ತು, ಹಬ್ಬದ ದಿನ ಯಾವುದೆಂದೂ ಗೊತ್ತಿರಲಿಲ್ಲ, ಆದರೂ ಬರೆದ. ಕಲಬುರಗಿಯಿಂದ ರಷ್ಯಾಕ್ಕೆ ಹೋದ ನಮ್ಮ ಹುಡುಗರು ಕಂಡದ್ದು ಅದಕ್ಕಿಂತ ಘೋರವಾದದ್ದು. ಟಿವಿಯವರು ಒಂದೆರಡು ನಿಮಿಷ ಮಾತಾಡಿಸಿ ಹೋದರು. ಅದಕ್ಕೂ ಎರಡು ವರ್ಷ ಮೊದಲು ಉಕ್ರೇನಿನಿಂದ ಓಡಿ ಬಂದ ಕರ್ನಾಟಕದ ವಿದ್ಯಾರ್ಥಿಗಳ ವಿಷಯದಲ್ಲೂ ಆದದ್ದು ಇದೇ. ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ಜೀವ ಕಳೆದುಕೊಂಡ. ಉಳಿದವರು ನೆಲಮಾಳಿಗೆಗಳಲ್ಲಿ ರಾತ್ರಿಗಳನ್ನು ಕಳೆದು, ಗಡಿಯ ಚಳಿಯಲ್ಲಿ ಕಾದು ಬಂದರು. ಅವರು ಬರೆಯಬೇಕು. ಸಮಯ ಹಿಡಿಯಲಿ, ಒಪ್ಪಿಗೆಯಿದ್ದರೆ ಬೇರೆಯವರು ಕೂತು ಕೇಳಿ ಬರೆದುಕೊಳ್ಳಲಿ. ಆದರೆ ಅದು ಕನ್ನಡದಲ್ಲಿ ಉಳಿಯಬೇಕು.

ಬರೆಯಲು ನಮ್ಮವರು ಹಿಂಜರಿಯುವುದಕ್ಕೆ ಒಂದು ಕಾರಣ ಭಾಷೆಯ ಅಳುಕು. ‘ನಮ್ಮ ಕನ್ನಡ ಶುದ್ಧ ಇಲ್ರಿ’ ಎಂಬ ಮಾತನ್ನು ಕಲಬುರಗಿಯಲ್ಲಿ ಯಾರ ಬಾಯಲ್ಲೂ ಕೇಳಬಹುದು. ಉರ್ದು, ಮರಾಠಿ, ತೆಲುಗು ಬೆರೆತ ಮಾತನ್ನು ಕಾಗದದ ಮೇಲೆ ಹೇಗೆ ಇಳಿಸುವುದೆಂಬ ಸಂಕೋಚ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಮಳಖೇಡದಲ್ಲಿತ್ತು. ಅಂಥ ಜಿಲ್ಲೆಯವರಿಗೆ ಈ ಅಳುಕು ಸಲ್ಲ. ನಿಕಿತಿನ್ ಬರೆದದ್ದೂ ಶುದ್ಧ ರಷ್ಯನ್ನಿನಲ್ಲಲ್ಲ. ತುರ್ಕಿ, ಪರ್ಷಿಯನ್, ಅರಬ್ಬಿ ಮಾತುಗಳು ಅವನ ವಾಕ್ಯಗಳ ನಡುವೆ ಬಂದುಹೋಗುತ್ತವೆ, ಕೊನೆಯ ಪ್ರಾರ್ಥನೆಯೂ ಬೆರಕೆಯೇ. ಅವನು ಎಲ್ಲೆಲ್ಲಿ ಓಡಾಡಿದ, ಯಾರ ಜತೆ ಉಂಡ ಎಂಬುದಕ್ಕೆ ಆ ಬೆರಕೆಯೇ ಸಾಕ್ಷಿ. ಓಣಿಯಲ್ಲಿ ಆಡಿದ ಹಾಗೆ ಬರೆದರೆ ಕಲಬುರಗಿಯ ಪ್ರವಾಸ ಕಥನ ಇನ್ನಷ್ಟು ಸಾಚಾ ಆಗುತ್ತದೆ.

ರೀಲ್ಸ್, ವಿಡಿಯೊ ಇರುವಾಗ ಬರವಣಿಗೆ ಯಾಕೆ ಎಂದು ಹುಡುಗರು ಕೇಳುತ್ತಾರೆ. ಬುರ್ಜ್ ಖಲೀಫಾ ಎದುರು ನಿಂತ ಮೂವತ್ತು ಸೆಕೆಂಡಿನ ವಿಡಿಯೊ ಆ ಕಟ್ಟಡವನ್ನು ಚೆನ್ನಾಗಿಯೇ ತೋರಿಸುತ್ತದೆ. ಅಲ್ಲಿಗೆ ಬರಲು ಎಷ್ಟು ಸಾಲವಾಯಿತು, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಮೊದಲ ಸಂಬಳ ಬಂದ ದಿನ ಏನು ತಿಂದರು ಎಂಬುದು ಅದರಲ್ಲಿ ಬರುವುದಿಲ್ಲ. ಫೋನ್ ಬದಲಾದ ದಿನ ಆ ವಿಡಿಯೊವೂ ಹೋಗುತ್ತದೆ.

ಬರೆಯಲು ಕೂತವನು ಇನ್ನೊಂದು ರೀತಿಯಲ್ಲಿ ನೋಡತೊಡಗುತ್ತಾನೆ ಎಂಬುದೇ ಇಲ್ಲಿ ಮುಖ್ಯ. ಅಮೆರಿಕಕ್ಕೆ ಹೋದವರೆಲ್ಲ ಗ್ರ್ಯಾಂಡ್ ಕ್ಯಾನಿಯನ್ ನೋಡಿ ಬರುತ್ತಾರೆ. ಆ ಕಂದರದ ಅಂಚಿನಲ್ಲಿ ಕಾಲ ಕೆಳಗಿರುವುದು ಸುಣ್ಣದ ಕಲ್ಲು. ವಯಸ್ಸು ಸುಮಾರು 27 ಕೋಟಿ ವರ್ಷ. ಫಲಕದ ಮೇಲೆ ಅದನ್ನು ಓದಿ ಬೆರಗಾಗಿ ಫೋಟೊ ತೆಗೆಸಿಕೊಳ್ಳುವ ಕಲಬುರಗಿಯವರು ಹುಟ್ಟಿದಾರಭ್ಯ ನಡೆದಾಡಿದ್ದೂ ಸುಣ್ಣದ ಕಲ್ಲಿನ ಮೇಲೆಯೇ. ಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಫರಸಿ ಆ ಅಂಚಿನ ಕಲ್ಲಿಗಿಂತ ಕೋಟ್ಯಂತರ ವರ್ಷ ಹಳೆಯದು. ಭೂಮಿಯ ಮೇಲೆ ಮೀನು, ಮರ ಯಾವುದೂ ಇರದಿದ್ದ ಕಾಲದ ಸಮುದ್ರದ ತಳ ಅದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಅವ್ವ ಕೂರುವುದು ಅದರ ಮೇಲೆ. ಗ್ರ್ಯಾಂಡ್ ಕ್ಯಾನಿಯನ್ ನೋಡಿ ಬಂದವರೊಬ್ಬರು ಇದನ್ನು ಬರೆದರೆ ಶಹಾಬಾದಿನ ಗಣಿಯ ಪಕ್ಕದ ಶಾಲೆಯ ಮಕ್ಕಳಿಗೆ ತಮ್ಮ ಊರಿನ ಕಲ್ಲು ಬೇರೆಯಾಗಿ ಕಾಣುತ್ತದೆ.

ಸ್ಪೇನಿಗೆ ಹೋದವರು ಕೊರ್ಡೊಬಾದ ಮಹಾ ಮಸೀದಿ ನೋಡುತ್ತಾರೆ. ಎಂಟನೆಯ ಶತಮಾನದಲ್ಲಿ ಕಟ್ಟಲು ಆರಂಭವಾಗಿ, 1236ರಲ್ಲಿ ಚರ್ಚ್ ಆದ ಕಟ್ಟಡ. ಅಲ್ಲಿಯ ಕಮಾನುಗಳ ಕಾಡನ್ನು ಕಂಡಾಗ ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ ನೆನಪಾಗಬೇಕು. 1367ರ ಶಾಸನದ ಪ್ರಕಾರ ಅದನ್ನು ಕಟ್ಟಿದವನು ಇರಾನಿನ ಕಜ್ವಿನ್ ಊರಿನ ರಫಿ. ತೆರೆದ ಅಂಗಳವೇ ಇಲ್ಲದೆ, ಪೂರ್ತಿ ಮೇಲ್ಛಾವಣಿ ಹೊದ್ದ ಇಂಥ ಮಸೀದಿ ಭಾರತದಲ್ಲಿ ಬಲು ಅಪರೂಪ. ಇವೆರಡನ್ನೂ ಹೋಲಿಸಿ ವಿದ್ವಾಂಸರು ಬಹಳ ಹಿಂದಿನಿಂದ ಬರೆದಿದ್ದಾರೆ. ಕಲಬುರಗಿಯ ಕಣ್ಣು ಎರಡನ್ನೂ ಕಂಡು ಬರೆದದ್ದು ಇನ್ನೂ ಬರಬೇಕಾಗಿದೆ.

ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶಕ್ಕೆ ಹೋದರೆ ಪರದೇಶದ ಇನ್ನೊಂದು ಕಥೆ ಸಿಗುತ್ತದೆ. ಕಲಬುರಗಿಯ ದಾಲ್‌ಮಿಲ್‌ಗಳಿಗೆ ಜಿಲ್ಲೆಯ ಹೊಲಗಳ ತೊಗರಿಯೇ ಜೀವ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ದೇಶದ ಬೇಳೆ ಮಾರುಕಟ್ಟೆಗೆ ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ಗಳ ತೊಗರಿಯೂ ಬರುತ್ತದೆ. ಹೊರಗಿನ ತೊಗರಿ ಬಂತೆಂದರೆ ಎಪಿಎಂಸಿಯಲ್ಲಿ ದರ ಬಿತ್ತೆಂದೇ ರೈತರ ಲೆಕ್ಕ. 2016ರಲ್ಲಿ ಭಾರತ ಮೊಜಾಂಬಿಕ್ ಜತೆ ತೊಗರಿ ಖರೀದಿಯ ಒಪ್ಪಂದ ಮಾಡಿಕೊಂಡಿತು. ಆ ಹಂಗಾಮಿನಲ್ಲಿ ಇಲ್ಲಿ ದಾಖಲೆಯ ಬೆಳೆ ಬಂದು, 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ದರ ಕುಸಿಯಿತು. 2017ರ ಆಗಸ್ಟಿನಲ್ಲಿ ಭಾರತ ತೊಗರಿ ಆಮದಿಗೆ ಮಿತಿ ಹಾಕಿತು. ಸಮುದ್ರದಾಚೆ ಮೊಜಾಂಬಿಕ್‌ನಲ್ಲಿ ಬೆಲೆ ನೆಲಕಚ್ಚಿತು. ಅಲ್ಲಿಯೂ ತೊಗರಿ ಬೆಳೆಯುವವರು ಸಣ್ಣ ಹಿಡುವಳಿಯವರೇ, ಮೆಕ್ಕೆಜೋಳದ ಸಾಲುಗಳ ನಡುವೆ ಬಿತ್ತುವವರು. ತಾವು ಹೆಚ್ಚು ತಿನ್ನದೆ ಭಾರತವನ್ನೇ ನಂಬಿ ಬೆಳೆದವರು. ಹೀಗೆ ಒಂದೇ ಕಾಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಎರಡು ಖಂಡಗಳ ರೈತರನ್ನು ಮುಳುಗಿಸಿತು. ವ್ಯಾಪಾರಕ್ಕೆಂದು ಆಫ್ರಿಕಾಕ್ಕೆ ಹೋಗಿಬರುವ ಬೇಳೆ ವ್ಯಾಪಾರಿ ತಾನು ಕಂಡ ಹೊಲವನ್ನು, ಅಲ್ಲಿ ತೊಗರಿ ಬಡಿಯುವ ಹೆಂಗಸರನ್ನು, ಅಲ್ಲಿ ಸಿಗುವ ದರವನ್ನು ಬರೆದರೆ ಆಳಂದ, ಅಫಜಲಪುರದ ರೈತನಿಗೆ ಅದಕ್ಕಿಂತ ಉಪಯೋಗದ ಪ್ರವಾಸ ಕಥನ ಬೇರೆ ಇರಲಾರದು. ನಿಕಿತಿನ್ ಕೂಡ ಮೆಣಸು, ಬಣ್ಣ, ಕುದುರೆಗಳ ವ್ಯಾಪಾರ ಹೇಗಿದೆ ಎಂದು ನೋಡಲು ಬಂದವನೇ ತಾನೆ.

ಕಾಡು-ಬೆಟ್ಟ ಸುತ್ತುವವರಿಗೂ ಇದೇ ಮಾತು. ಹೊರದೇಶದ ಉದ್ಯಾನಗಳಲ್ಲಿ ಬಾಗಿಲಲ್ಲೇ ನಕ್ಷೆ ಕೊಡುತ್ತಾರೆ, ದಾರಿಯುದ್ದಕ್ಕೂ ಗುರುತು ಇರುತ್ತದೆ, ಅಲ್ಲಿಯ ಮರ, ಹಕ್ಕಿ, ಕಲ್ಲುಗಳ ಪರಿಚಯದ ಫಲಕ ಇರುತ್ತದೆ, ವಯಸ್ಸಾದವರು ನಡೆಯಬಹುದಾದ ಸಣ್ಣ ದಾರಿ ಬೇರೆಯೇ ಇರುತ್ತದೆ. ಇದನ್ನು ಕಂಡು ಬಂದವರು ಬರೆದರೆ, 2011ರಲ್ಲಿ ವನ್ಯಜೀವಿಧಾಮವಾದ ನಮ್ಮ ಚಿಂಚೋಳಿ ಕಾಡಿನಲ್ಲಿ, ಗೊಟ್ಟಂಗೊಟ್ಟದಲ್ಲಿ, ಚಂದ್ರಂಪಳ್ಳಿ ಜಲಾಶಯದ ಸುತ್ತ ಏನೇನು ಆಗಬಹುದೆಂದು ಕೇಳುವ ಜನ ಹುಟ್ಟಿಕೊಳ್ಳುತ್ತಾರೆ. ಕಂಡದ್ದನ್ನು ಹೇಳದಿದ್ದರೆ ಕೇಳುವವರೂ ಇರುವುದಿಲ್ಲ.

ಕೆಲಸ ಬರೆಯುವವರದ್ದಷ್ಟೇ ಅಲ್ಲ. 2020ರ ಫೆಬ್ರವರಿಯಲ್ಲಿ ಕಲಬುರಗಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಸಿ ತನ್ನ ಶಕ್ತಿ ತೋರಿಸಿದ ಊರು. ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಸಾರಾಂಗ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತು ಮನಸ್ಸು ಮಾಡಿದರೆ ಈ ಭಾಗದ ಯಾತ್ರಿಕರ, ಕಾರ್ಮಿಕರ, ವಿದ್ಯಾರ್ಥಿಗಳ ಅನುಭವಗಳ ಸಂಪುಟಗಳನ್ನು ತರುವುದು ಕಷ್ಟವಲ್ಲ. ಬರೆಯಲು ಬಾರದವರ ಮಾತನ್ನು ಕಲಬುರಗಿ ಆಕಾಶವಾಣಿ ದಾಖಲಿಸಬಹುದು. ಎಂ.ಎ. ವಿದ್ಯಾರ್ಥಿಗಳಿಗೆ ಜಾನಪದ ಗೀತೆ ಸಂಗ್ರಹಿಸಲು ಹಚ್ಚುವ ಹಾಗೆಯೇ ಒಬ್ಬೊಬ್ಬ ಹಾಜಿಯ, ಒಬ್ಬೊಬ್ಬ ಗಲ್ಫ್ ಕಾರ್ಮಿಕನ ಕಥೆ ಬರೆದು ತರಲು ಹೇಳಬಹುದು.

ಮಕ್ಕಳ ಮನೆಗೆ ಹೊರಟಿರುವ ಹಿರಿಯರು ಹಿಂಡಿಯ ಡಬ್ಬಿಯ ಪಕ್ಕದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಲಿ. ದಿನಕ್ಕೆ ಅರ್ಧ ಪುಟ ಸಾಕು. ತಾರೀಖು, ಊರು, ತಿಂದದ್ದು, ಕೊಟ್ಟ ದರ, ದಾರಿ ತೋರಿಸಿದವರ ಹೆಸರು, ಹೆದರಿಕೆಯಾದದ್ದು, ನಗು ಬಂದದ್ದು ಎಲ್ಲ ಇರಲಿ, ಆಡುವ ಕನ್ನಡದಲ್ಲೇ ಇರಲಿ. ಸೌದಿಯಲ್ಲಿ, ಕತಾರಿನಲ್ಲಿ ಇರುವ ಹುಡುಗರು ಶುಕ್ರವಾರದ ರಜೆಯಲ್ಲಿ ಮನೆಗೆ ಫೋನ್ ಮಾಡಿದ ಮೇಲೆ ಒಂದು ಹಾಳೆ ಬರೆಯಲಿ. ಮನೆಯಲ್ಲಿ ಹಡಗಿನಲ್ಲಿ ಹಜ್‌ಗೆ ಹೋಗಿಬಂದ ಹಿರಿಯರಿದ್ದರೆ ಈ ವಾರವೇ ಅವರ ಪಕ್ಕ ಕೂತು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮುಂಬಯಿಯಲ್ಲಿ ಹಡಗು ಹತ್ತಿದ ದಿನದಿಂದ ಕೇಳಲು ಶುರುಮಾಡಿ. ಕೊನೆಯ ಹಡಗಿನಲ್ಲಿ ಮೂವತ್ತರ ಹರೆಯದಲ್ಲಿ ಹೋದವರಿಗೂ ಈಗ ಅರವತ್ತು ದಾಟಿದೆ.